ಅಂಬಾರಿಗೆ ಎಷ್ಟು ದೂರ?

ವಿಜಯದಶಮಿಯ ಮಧ್ಯಾಹ್ನ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಬ್ಯಾರಿಕೇಡಿಗೆ ಒತ್ತಿಕೊಂಡು ಸಾಲುಸಾಲಾಗಿ ಜನ ನಿಂತಿರುತ್ತಾರೆ. ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕವರಿಗೆ ಜಂಬೂಸವಾರಿಯ ಆನೆ ಕಾಣುವುದಿಲ್ಲ. ಅಂಬಾರಿ ಮಾತ್ರ ಕಾಣುತ್ತದೆ. ಯಾಕೆಂದು ಹೈಸ್ಕೂಲಿನ ಸಮರೂಪ ತ್ರಿಭುಜಗಳೇ ಹೇಳುತ್ತವೆ. ನಿಮ್ಮ ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿದೆ, ಅರ್ಧ ಮೀಟರ್ ಮುಂದೆ ನಿಂತವರ ನೆತ್ತಿ 1.7 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಅರ್ಧ ಮೀಟರಿಗೆ ಹತ್ತು ಸೆಂಟಿಮೀಟರಿನಂತೆ ಏರುವ ನೋಟದ ಗೆರೆ, ಹತ್ತು ಮೀಟರ್ ಆಚೆ ನಡೆಯುವ ಆನೆಯನ್ನು ಮುಟ್ಟುವ ಹೊತ್ತಿಗೆ 3.6 ಮೀಟರಿಗೆ ಏರಿರುತ್ತದೆ. ಅದರ ಕೆಳಗಿರುವುದೆಲ್ಲ ಮುಂದಿನವರ ತಲೆಯ ಮರೆಯಲ್ಲಿ. ದಸರಾ ಗಜಪಡೆಯ ದೊಡ್ಡ ಗಂಡಾನೆಗಳ ಭುಜದ ಎತ್ತರ ಸುಮಾರು ಎರಡೂಮುಕ್ಕಾಲು ಮೀಟರ್. ಹಾಗಾಗಿ ಆನೆ ಪೂರ್ತಿ ಮರೆಯಾಗಿ, 750 ಕೆ.ಜಿ. ತೂಕದ ಚಿನ್ನದ ಅಂಬಾರಿಯೊಂದೇ ತಲೆಗಳ ಮೇಲೆ ತೇಲಿದಂತೆ ಸಾಗುತ್ತದೆ.

ಈಗ ಎರಡೂ ಕೈ ಎತ್ತಿ ಕ್ಯಾಮೆರಾವನ್ನು 2.1 ಮೀಟರ್ ಎತ್ತರದಲ್ಲಿ ಹಿಡಿಯಿರಿ. ಐದು ಮೀಟರ್ ಆಚೆಗಿನ ಬ್ಯಾರಿಕೇಡಿನವರೆಗೂ ಜನ ಒತ್ತೊತ್ತಾಗಿ ನಿಂತಿದ್ದರೂ ನೋಟದ ಗೆರೆ ಈ ಸಲ ಕೆಳಕ್ಕೆ ಇಳಿಯುತ್ತದೆ. ಹತ್ತು ಮೀಟರ್ ದೂರದಲ್ಲಿ ನೆಲದಿಂದ 1.3 ಮೀಟರ್ ಬಿಟ್ಟು ಮೇಲಿನದೆಲ್ಲ ಕಾಣುತ್ತದೆ. ಆನೆಯ ಹಣೆಯ ಚಿತ್ತಾರ, ಕತ್ತಿನ ಮೇಲೆ ಕೂತ ಮಾವುತ, ಇಳಿಬಿದ್ದ ಜೂಲು, ಎಲ್ಲವೂ ಚೌಕಟ್ಟಿಗೆ ಬರುತ್ತವೆ. ಕೇವಲ ಅರ್ಧ ಮೀಟರಿನ ಏರಿಕೆ ಇಷ್ಟನ್ನು ಕೊಡುತ್ತದೆ. ಆದರೆ ಒಂದೂವರೆ ಕೆ.ಜಿ.ಯ ಟೆಲಿ ಜೂಮ್ ಲೆನ್ಸನ್ನು ತಲೆಯ ಮೇಲೆ ಎತ್ತಿ ಹಿಡಿದು, ಅಲ್ಲಾಡದಂತೆ ನಿಲ್ಲಿಸಿ, ಆನೆ ಬರುವವರೆಗೆ ಕಾಯುವುದು ಯಾರ ತೋಳಿನಿಂದಲೂ ಆಗದು. ಇನ್ನೂರು ಮುನ್ನೂರು ಗ್ರಾಂ ತೂಗುವ ಪುಟ್ಟ 35 ಎಂಎಂ ಲೆನ್ಸಿನಿಂದ ಆಗುತ್ತದೆ.

ಪ್ರವಾಸ ಹೊರಡುವ ಮುನ್ನ ಲೆನ್ಸುಗಳನ್ನು ಮುಂದಿಟ್ಟುಕೊಂಡು ಕೂತವರು ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ, ಇವುಗಳಲ್ಲಿ ಯಾವುದು ಒಳ್ಳೆಯದು ಎಂಬುದು. ಜನ ಕಿಕ್ಕಿರಿದ ನಗರದ ಹಬ್ಬಕ್ಕೆ ಆ ಪ್ರಶ್ನೆ ಎರಡನೆಯದು. ಕಾಡಿನಲ್ಲಿ, ಬೆಟ್ಟದಲ್ಲಿ, ಮದುವೆಮನೆಯಲ್ಲಿ ನಾವು ನಡೆದು ಜಾಗ ಬದಲಿಸಬಹುದು. ಜಂಬೂಸವಾರಿಯ ಬೀದಿಯಲ್ಲಿ ಕಾಲು ನಮ್ಮ ಮಾತು ಕೇಳುವುದಿಲ್ಲ. ಮಧ್ಯಾಹ್ನ ಎಲ್ಲಿ ನಿಂತೆವೋ ಸಂಜೆಯವರೆಗೂ ಅಲ್ಲೇ. ಆದ್ದರಿಂದ ಜನಸಂದಣಿ ನಮ್ಮನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದನ್ನು ಮೊದಲು ಅಂದಾಜು ಮಾಡಬೇಕು; ಲೆನ್ಸು ಆಮೇಲೆ ತಾನಾಗಿಯೇ ತೀರ್ಮಾನವಾಗುತ್ತದೆ. ಈ ಅಧ್ಯಾಯದಲ್ಲಿ ನಾನು ಬೆಲೆಯ ಬಗ್ಗೆ, ಕಂಪನಿಗಳ ಬಗ್ಗೆ ಮಾತಾಡದೆ ದೂರ ಮತ್ತು ಬೆಳಕಿನ ಬಗ್ಗೆಯೇ ಹೆಚ್ಚು ಮಾತಾಡುವುದು ಈ ಕಾರಣಕ್ಕೆ.

ದೂರದ ಲೆಕ್ಕಕ್ಕೆ ಒಂದೇ ಒಂದು ಸೂತ್ರ ಸಾಕು. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಎಂಎಂ ಅಗಲ, 24 ಎಂಎಂ ಎತ್ತರ. ವಸ್ತುವಿಗಿರುವ ದೂರವನ್ನು 36ರಿಂದ ಗುಣಿಸಿ ಲೆನ್ಸಿನ ಸಂಗಮದೂರದಿಂದ ಭಾಗಿಸಿದರೆ, ಆ ದೂರದಲ್ಲಿ ಎಷ್ಟು ಅಗಲದ ನೋಟ ಚೌಕಟ್ಟಿಗೆ ಸಿಗುತ್ತದೆ ಎಂಬುದು ಬರುತ್ತದೆ. ಹತ್ತು ಮೀಟರ್ ದೂರಕ್ಕೆ 35 ಎಂಎಂ ಲೆನ್ಸು ಹಾಕಿದರೆ ಸುಮಾರು 10.3 ಮೀಟರ್ ಅಗಲ, 6.9 ಮೀಟರ್ ಎತ್ತರ. ಅಂಬಾರಿ ಹೊತ್ತ ಆನೆ, ಅಕ್ಕಪಕ್ಕದ ಕುಮ್ಕಿ ಆನೆಗಳು, ಬೀದಿಯ ಆಚೆ ಬದಿಯ ಜನ, ಎಲ್ಲರಿಗೂ ಅದರಲ್ಲಿ ಜಾಗವಿದೆ. ಅದೇ ಜಾಗದಿಂದ 85 ಎಂಎಂ ಹಾಕಿದರೆ 4.2 ಮೀಟರ್ ಅಗಲ, 2.8 ಮೀಟರ್ ಎತ್ತರ. ಆನೆ ಹಿಡಿಸುವುದಿಲ್ಲ, ಅಂಬಾರಿ ಮತ್ತು ಅದರೊಳಗಿನ ಚಾಮುಂಡೇಶ್ವರಿಯ ಮೂರ್ತಿ ಚೆನ್ನಾಗಿ ಹಿಡಿಸುತ್ತವೆ. 200 ಎಂಎಂ ಹಾಕಿದರೆ ಅಂಬಾರಿಯ ಒಂದು ಕಂಬವೋ ಕಳಸವೋ ಸಿಗಬಹುದು. ನಲವತ್ತು ಮೀಟರ್ ದೂರದ ಗ್ಯಾಲರಿಯಲ್ಲಿ ಪಾಸ್ ಪಡೆದು ಕೂತವರಿಗೆ ಇದೇ 200 ಎಂಎಂ ಲೆನ್ಸು 7.2 ಮೀಟರ್ ಅಗಲದ ನೋಟ ಕೊಡುತ್ತದೆ. ಅವರಿಗೆ ಅದು ಬೇಕೇ ಬೇಕು. ನಿಮ್ಮದು ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಆದರೆ 36ರ ಬದಲು ಸುಮಾರು 24 ಇಟ್ಟುಕೊಂಡು ಲೆಕ್ಕ ಹಾಕಿ. ಆಗ ಬೀದಿಯ ಬದಿಯಲ್ಲಿ ನಿಲ್ಲುವವರಿಗೆ 35ರ ಕೆಲಸವನ್ನು 23 ಅಥವಾ 24 ಎಂಎಂ ಮಾಡುತ್ತದೆ.

ಇನ್ನು ಛಾಯಾಗ್ರಾಹಕರ ನಡುವೆ ಬೇರೂರಿರುವ ಒಂದು ನಂಬಿಕೆಯ ಬಗ್ಗೆ ಹೇಳಲೇಬೇಕು. ಟೆಲಿ ಲೆನ್ಸು ಹಿನ್ನೆಲೆಯನ್ನು ಹತ್ತಿರಕ್ಕೆ ಎಳೆಯುತ್ತದೆ, ವೈಡ್ ಲೆನ್ಸು ದೂರ ತಳ್ಳುತ್ತದೆ ಎನ್ನುತ್ತಾರೆ. ಲೆನ್ಸಿಗೆ ಆ ಶಕ್ತಿಯಿಲ್ಲ. ಆನೆ ಮತ್ತು ಅದರ ಹಿಂದಿನ ಅರಮನೆ ಒಂದಕ್ಕೊಂದು ಎಷ್ಟು ದೊಡ್ಡದಾಗಿ ಕಾಣಬೇಕು ಎಂಬುದನ್ನು ನಿರ್ಧರಿಸುವುದು ನೀವು ನಿಂತ ಜಾಗ. ಆನೆಯ ಹಿಂದೆ 150 ಮೀಟರ್ ದೂರದಲ್ಲಿ ಅರಮನೆ ಇದೆ ಎನ್ನೋಣ. ಆನೆಯಿಂದ ಹತ್ತು ಮೀಟರ್ ದೂರದಲ್ಲಿ ನಿಂತರೆ ನಿಮಗೂ ಅರಮನೆಗೂ 160 ಮೀಟರ್. ಆನೆಗಿಂತ ಹದಿನಾರು ಪಟ್ಟು ದೂರ. ಅರಮನೆ ಹಿಂದೆಲ್ಲೋ ಆಟಿಕೆಯಂತೆ ನಿಂತಿರುತ್ತದೆ. ಆನೆಯಿಂದ 60 ಮೀಟರ್ ಹಿಂದೆ ಸರಿದರೆ ಅರಮನೆಗೆ 210 ಮೀಟರ್. ಈಗ ಅದು ಆನೆಗಿಂತ ಮೂರೂವರೆ ಪಟ್ಟು ಮಾತ್ರ ದೂರ. ಆನೆಯ ಪಕ್ಕದಲ್ಲಿ ಅರಮನೆ ಮೊದಲಿಗಿಂತ ನಾಲ್ಕೂವರೆ ಪಟ್ಟು ದೊಡ್ಡದಾಗಿ ಎದ್ದು ನಿಲ್ಲುತ್ತದೆ. ಟೆಲಿ ಲೆನ್ಸು ಇಲ್ಲಿ ಮಾಡುವುದು ಅಷ್ಟು ದೂರದಿಂದ ಕಂಡ ನೋಟದ ನಡುಭಾಗವನ್ನು ಕತ್ತರಿಸಿ ಕೊಡುವ ಕೆಲಸ. ವೈಡ್ ಲೆನ್ಸಿನಲ್ಲಿ ಅಲ್ಲಿಂದಲೇ ತೆಗೆದು, ಆಮೇಲೆ ನಡುಭಾಗವನ್ನು ಕತ್ತರಿಸಿದರೂ ಅದೇ ಚಿತ್ರ ಬರುತ್ತದೆ, ವಿವರ ಕಡಿಮೆ ಇರುತ್ತದೆ ಅಷ್ಟೆ. ಪತ್ರಿಕೆಗಳ ಮುಖಪುಟದಲ್ಲಿ ಬರುವ, ಅರಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡಂತೆ ಆನೆ ನಿಂತ ಚಿತ್ರ ನಿಮಗೂ ಬೇಕಿದ್ದರೆ ಟೆಲಿ ಲೆನ್ಸು ಕೊಂಡರೆ ಸಾಲದು, ಆ 60 ಮೀಟರ್ ಹಿಂದೆ, ಎದುರಿಗೆ ಯಾರೂ ಅಡ್ಡ ಬರದ ಎತ್ತರದಲ್ಲಿ ನಿಲ್ಲಲು ಒಂದು ಜಾಗ ಬೇಕು. ಬೀದಿಯಲ್ಲಿ ನಿಂತ ಪ್ರವಾಸಿಗೆ ಅದು ಸಿಗುವುದಿಲ್ಲ. ಸಿಗದ ಜಾಗಕ್ಕಾಗಿ ಲೆನ್ಸು ಹೊರುವುದಕ್ಕಿಂತ ಸಿಗುವ ಜಾಗದಿಂದ ಏನು ಕಾಣುತ್ತದೆ ಎಂದು ಕೇಳುವುದು ಒಳ್ಳೆಯದು.

ಹತ್ತಿರದಿಂದ ಕಾಣುವುದು ಮುಖಗಳು. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡ ಅಪ್ಪ, ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಬಂದು ಜಾಗ ಹಿಡಿದ ಹಳ್ಳಿಯ ಹೆಂಗಸರು, ಕಂಸಾಳೆಯವರ ಬೆವರು, ವೀರಗಾಸೆಯವರ ಕಣ್ಣು. ಮೈಸೂರಿನಲ್ಲೇ ಹುಟ್ಟಿ ಬೆಳೆದ ಟಿ.ಎಸ್. ಸತ್ಯನ್ ಅವರ ಚಿತ್ರಗಳು 'ಲೈಫ್' ಪತ್ರಿಕೆಯವರೆಗೂ ಹೋದವು. ಸಾಮಾನ್ಯ ಜನರ ದಿನನಿತ್ಯದ ಬದುಕೇ ಅವರ ಮುಖ್ಯ ವಸ್ತುವಾಗಿತ್ತು. ದಸರೆಗೆ ಹೊರಟ ಯಾರೇ ಆಗಲಿ ಅವರ ಚಿತ್ರಗಳನ್ನು ಒಮ್ಮೆ ನೋಡಿಕೊಂಡು ಹೋಗಬೇಕೆಂಬುದು ನನ್ನ ಆಸೆ. ಎರಡು ಮೂರು ಮೀಟರ್ ದೂರದಲ್ಲಿ ನಿಂತವರನ್ನು ತೆಗೆಯಲು 35 ಎಂಎಂ ಹೇಳಿ ಮಾಡಿಸಿದ ಸಂಗಮದೂರ.

ಇನ್ನೂ ಅಗಲವಾದ 16 ಎಂಎಂ ಯಾಕೆ ಬೇಡ ಎಂದು ಕೇಳಬಹುದು. ಗೋಳದಂತಿರುವ ತಲೆಯನ್ನು ಚಪ್ಪಟೆ ಸೆನ್ಸರಿನ ಮೇಲೆ ಮೂಡಿಸುವಾಗ ಅಂಚಿಗೆ ಹೋದಷ್ಟೂ ಅದು ಹೊರಮುಖವಾಗಿ ಹಿಗ್ಗುತ್ತದೆ. ನಡುವಿನಿಂದ ಎಷ್ಟು ಕೋನ ಸರಿದಿದೆಯೋ ಅದರ ಕೊಸೈನಿನ ವಿಲೋಮದಷ್ಟು ಈ ಹಿಗ್ಗು. 35 ಎಂಎಂ ಚೌಕಟ್ಟಿನ ಪಕ್ಕದ ಅಂಚಿನಲ್ಲಿ ಇದು ಶೇ 12ರಷ್ಟಿದ್ದು ಕಣ್ಣಿಗೆ ಹೊಡೆಯುವುದಿಲ್ಲ. 16 ಎಂಎಂನಲ್ಲಿ ಶೇ 50ರ ಹತ್ತಿರ ಹೋಗುತ್ತದೆ. ಅಂಚಿನಲ್ಲಿ ನಿಂತವರ ಮುಖ ಕುಂಬಳಕಾಯಿಯಂತೆ ಅಡ್ಡಕ್ಕೆ ಊದಿಕೊಳ್ಳುತ್ತದೆ. ಕಟ್ಟಡ ತೆಗೆಯುವಾಗ ಕ್ಷಮಿಸಬಹುದಾದ ಈ ದೋಷವನ್ನು ಮನುಷ್ಯರನ್ನು ತೆಗೆಯುವಾಗ ಕ್ಷಮಿಸಬಾರದು. ಹಬ್ಬಕ್ಕೆ ಬಂದವರು ತಮ್ಮ ಚೆಂದದ ಬಟ್ಟೆ ಉಟ್ಟು ಬಂದಿರುತ್ತಾರೆ.

ಬೆಳಕಿನ ವಿಷಯಕ್ಕೆ ಬರುತ್ತೇನೆ. 1838ರಲ್ಲಿ ಲೂಯಿ ಡಾಗೇರ್ ಪ್ಯಾರಿಸ್ಸಿನ ಗಿಜಿಗುಡುವ ಬುಲ್ವಾರ್ ದ್ಯು ತಾಂಪ್ಲ್ ಬೀದಿಯನ್ನು ಹಗಲಿನಲ್ಲೇ ಚಿತ್ರೀಕರಿಸಿದ. ಚಿತ್ರದಲ್ಲಿ ಬೀದಿ ಬಿಕೋ ಎನ್ನುತ್ತದೆ. ಗಾಡಿಗಳೂ ಜನರೂ ಇದ್ದರು, ಆದರೆ ನಿಮಿಷಗಟ್ಟಲೆ ಬೆಳಕು ಬೇಡುತ್ತಿದ್ದ ಆ ತಟ್ಟೆಯ ಮೇಲೆ ನಡೆಯುತ್ತಿದ್ದವರು ಯಾರೂ ಗುರುತು ಬಿಡಲಿಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದ ಒಬ್ಬಾತ ಮಾತ್ರ ಉಳಿದ. ಎರಡೇ ವರ್ಷದಲ್ಲಿ, 1840ರಲ್ಲಿ, ವಿಯೆನ್ನಾದ ಗಣಿತಜ್ಞ ಯೋಸೆಫ್ ಪೆಟ್ಸ್ವಾಲ್ ಲೆನ್ಸನ್ನು ಗಾಜು ಉಜ್ಜಿ ನೋಡಿ ತಿದ್ದುವ ಬದಲು ಕಾಗದದ ಮೇಲೆ ಲೆಕ್ಕ ಹಾಕಿ ವಿನ್ಯಾಸಗೊಳಿಸಿದ. ಸುಮಾರು ಎಫ್ 3.6ರ ಆ ಲೆನ್ಸು ಅದುವರೆಗಿನವುಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಟ್ಟಿತು. ನಿಮಿಷಗಳಲ್ಲಿ ಎಣಿಸುತ್ತಿದ್ದ ಹೊತ್ತು ಸೆಕೆಂಡುಗಳಿಗೆ ಇಳಿದು, ಜೀವಂತ ಮನುಷ್ಯರು ಚಿತ್ರದಲ್ಲಿ ನಿಲ್ಲತೊಡಗಿದರು.

ಎಫ್ ಸಂಖ್ಯೆ ಎಂದರೆ ಸಂಗಮದೂರವನ್ನು ಲೆನ್ಸಿನ ಬೆಳಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. 35 ಎಂಎಂ ಲೆನ್ಸು ಎಫ್ 1.8 ಆಗಬೇಕಾದರೆ 19 ಎಂಎಂ ಕಿಂಡಿ ಸಾಕು. 200 ಎಂಎಂ ಲೆನ್ಸು ಎಫ್ 2.8 ಆಗಲು 71 ಎಂಎಂ ಕಿಂಡಿ ಬೇಕು, ಅಂದರೆ ಅದಕ್ಕೂ ದೊಡ್ಡ ಗಾಜು ಬೇಕು. ದೂರವನ್ನೂ ಬೆಳಕನ್ನೂ ಒಟ್ಟಿಗೆ ಬೇಡುವವರು ತೂಕ ಹೊರಲೇಬೇಕು. ಭೌತವಿಜ್ಞಾನ ಇಲ್ಲಿ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಹತ್ತಿರ ನಿಲ್ಲುವವರಿಗೆ ಮಾತ್ರ ಬೆಳಕು ಅಗ್ಗ.

ಜಂಬೂಸವಾರಿಯಲ್ಲಿ ಈ ಬೆಳಕು ಕೈಕೊಡುವ ಪರಿ ವಿಶೇಷವಾದದ್ದು. ಸ್ತಬ್ಧಚಿತ್ರಗಳೂ ಜಾನಪದ ತಂಡಗಳೂ ಬಿಸಿಲಿನಲ್ಲಿ ಸಾಗುತ್ತವೆ. ಅಂಬಾರಿ ಬರುವುದು ಕೊನೆಯಲ್ಲಿ. ಅಕ್ಟೋಬರ್ ಮೊದಲ ವಾರಗಳಲ್ಲಿ ಮೈಸೂರಿನ ಸೂರ್ಯಾಸ್ತ ಸುಮಾರು ಆರು ಗಂಟೆಗೆ. ಉಷ್ಣವಲಯವಾದ್ದರಿಂದ ಮುಸ್ಸಂಜೆಯೂ ಬೇಗ ಮುಗಿಯುತ್ತದೆ. ಅರಮನೆಯ ಆವರಣದಲ್ಲಿ ಬಿಸಿಲಿದ್ದರೂ ಬನ್ನಿಮಂಟಪದತ್ತ ಐದು ಕಿ.ಮೀ. ನಡೆಯುವಷ್ಟರಲ್ಲಿ ಮೆರವಣಿಗೆ ಬೀದಿದೀಪದ ಬೆಳಕಿಗೆ ಇಳಿದಿರುತ್ತದೆ. ಬಿಸಿಲಿಗೂ ಅಲಂಕೃತ ರಾತ್ರಿಬೀದಿಗೂ ಬೆಳಕಿನ ವ್ಯತ್ಯಾಸ ಸಾವಿರ ಪಟ್ಟಿಗೂ ಹೆಚ್ಚು. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ಪ್ರಮಾಣ ಅರಿವಿಗೆ ಬರುವುದಿಲ್ಲ, ಸೆನ್ಸರಿಗೆ ಬರುತ್ತದೆ.

ಬೆಳಕು ಕಡಿಮೆಯಾದರೆ ಐಎಸ್‌ಒ ಏರಿಸಿದರಾಯಿತಲ್ಲ ಎನ್ನುತ್ತಾರೆ. ಬೆಳಕು ಫೋಟಾನುಗಳಾಗಿ ಬರುತ್ತದೆ ಮತ್ತು ಅವು ಲೆಕ್ಕ ಹಿಡಿದು ಸಮನಾಗಿ ಬರುವುದಿಲ್ಲ. ಒಂದು ಪಿಕ್ಸೆಲಿಗೆ ಸರಾಸರಿ 10,000 ಫೋಟಾನುಗಳು ಬಿದ್ದರೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 100; ಶೇ 1 ಮಾತ್ರ. ಸರಾಸರಿ 100 ಬಿದ್ದರೆ ಏರುಪೇರು 10, ಶೇ 10. ಕತ್ತಲ ಚಿತ್ರದಲ್ಲಿ ಕಾಣುವ ಕಾಳುಕಾಳು ಮುಖ್ಯವಾಗಿ ಇದೇ. ಐಎಸ್‌ಒ ಏರಿಸಿದಾಗ ಹೊಸ ಫೋಟಾನುಗಳೇನೂ ಹುಟ್ಟುವುದಿಲ್ಲ, ಬಂದಷ್ಟನ್ನೇ ದೊಡ್ಡದು ಮಾಡಿ ತೋರಿಸಲಾಗುತ್ತದೆ, ಏರುಪೇರಿನ ಸಮೇತ. ಫೋಟಾನುಗಳನ್ನು ಹೆಚ್ಚಿಸಲು ಇರುವುದು ಎರಡೇ ದಾರಿ: ಶಟರನ್ನು ಹೆಚ್ಚು ಹೊತ್ತು ತೆರೆದಿಡುವುದು, ಇಲ್ಲವೇ ದೊಡ್ಡ ಕಿಂಡಿಯ ಲೆನ್ಸು ಹಾಕುವುದು. ಕ್ಯಾಮೆರಾದ ಜೊತೆ ಬರುವ ಸಾಮಾನ್ಯ ಜೂಮ್ ಲೆನ್ಸಿನ ಟೆಲಿ ತುದಿಯ ಎಫ್ 5.6ಕ್ಕೂ ಒಂದು ಎಫ್ 1.8 ಪ್ರೈಮ್ ಲೆನ್ಸಿಗೂ ಬೆಳಕಿನಲ್ಲಿ ಸುಮಾರು ಹತ್ತು ಪಟ್ಟು ವ್ಯತ್ಯಾಸವಿದೆ. ರಾತ್ರಿಬೀದಿಯಲ್ಲಿ ಪ್ರೈಮ್ ಲೆನ್ಸಿನಲ್ಲಿ ಐಎಸ್‌ಒ 3200ಕ್ಕೆ ಬರುವ ಚಿತ್ರಕ್ಕೆ ಇನ್ನೊಂದರಲ್ಲಿ 30,000 ಬೇಕಾಗುತ್ತದೆ.

ಶಟರಿನ ದಾರಿ ಆನೆಗೆ ಸಾಕು, ಕುಣಿತಕ್ಕೆ ಸಾಲದು. ಅಂಬಾರಿ ಹೊತ್ತ ಆನೆ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿ ನಡೆದರೆ ಸೆಕೆಂಡಿನ 1/125 ಭಾಗದಲ್ಲಿ ಅದು ಸರಿಯುವುದು ಎಂಟು ಮಿಲಿಮೀಟರ್. ಡೊಳ್ಳಿಗೆ ಬೀಳುವ ಕೋಲಿನ ತುದಿ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿದ್ದರೆ ಅಷ್ಟೇ ಹೊತ್ತಿನಲ್ಲಿ ನಾಲ್ಕು ಸೆಂಟಿಮೀಟರ್ ಸರಿದು ಗೆರೆಯಾಗಿಬಿಡುತ್ತದೆ. ಗೆರೆಯಾಗುವುದು ಯಾವಾಗಲೂ ಕೆಟ್ಟದ್ದೇನಲ್ಲ. ಕುಣಿತದ ರಭಸ ಕೆಲವೊಮ್ಮೆ ಆ ಗೆರೆಯಲ್ಲೇ ಚೆನ್ನಾಗಿ ಮೂಡುತ್ತದೆ. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಂತೂ ನಿಧಾನದ ಶಟರಿಗೇ ಬೆಲೆ, ಉರಿಯುವ ಪಂಜು ತಿರುಗಿದ ದಾರಿಯೆಲ್ಲ ಬೆಂಕಿಯ ಬಳ್ಳಿಯಾಗಿ ಮೂಡುತ್ತದೆ. ಅಲ್ಲಿ ಕೂರಲು ಆಸನವಿರುತ್ತದೆ, ಮೈದಾನ ದೂರವಿರುತ್ತದೆ. ಟೆಲಿ ಜೂಮ್ ಹೊತ್ತು ತಂದಿದ್ದಕ್ಕೆ ಸಾರ್ಥಕವೆನಿಸುವ ಜಾಗ ಅದೊಂದೇ ಎನ್ನಬಹುದು.

ಶಟರಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ತಂತುವಿನ ಹಳೆಯ ಬಲ್ಬಿನಲ್ಲಿ ಕಾದ ತಂತಿ ಆರುವ ಮೊದಲೇ ಮುಂದಿನ ಏರಿಕೆ ಬರುವುದರಿಂದ ಮಿನುಗು ಕಾಣುವುದಿಲ್ಲ. ಅಗ್ಗದ ಎಲ್‌ಇಡಿ ಸರಗಳಲ್ಲಿ ಬೆಳಕು ಪೂರ್ತಿ ಆರಿ ಹತ್ತುವುದೂ ಉಂಟು. ಅಂಥ ದೀಪದ ಕೆಳಗೆ 1/1000ರಲ್ಲಿ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ತೆಗೆದರೆ ಚಿತ್ರದ ತುಂಬ ಅಡ್ಡಪಟ್ಟಿಗಳು ಬೀಳುತ್ತವೆ. 1/100 ಅಥವಾ 1/50ಕ್ಕೆ ಇಳಿಸಿದರೆ ಪ್ರತಿ ಚಿತ್ರಕ್ಕೂ ಪೂರ್ಣ ಏರಿಳಿತ ಸಿಕ್ಕಿ ಪಟ್ಟಿ ಮಾಯವಾಗುತ್ತದೆ.

ದೊಡ್ಡ ಕಿಂಡಿಗೆ ತೆರಬೇಕಾದ ಬೆಲೆ ಆಳ. 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದು ಐದು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಬರುವ ಪಟ್ಟೆ 37 ಸೆಂಟಿಮೀಟರ್ ಆಳದ್ದು. ನಿಂತವರ ಮುಖಕ್ಕೆ ಅದು ಸಾಕು. ಕುಣಿಯುತ್ತಾ ಮುಂದೆ ಬರುವ ನಂದಿಧ್ವಜದವರಿಗೆ ಸಾಲದು. 35 ಎಂಎಂನಲ್ಲಿ ಅದೇ ಎಫ್ ಸಂಖ್ಯೆಗೆ ಮೂರು ಮೀಟರ್ ದೂರದಲ್ಲಿ 80 ಸೆಂಟಿಮೀಟರ್ ಸಿಗುತ್ತದೆ. ಬಿಸಿಲಿರುವಾಗ ಇನ್ನೊಂದು ಉಪಾಯವಿದೆ: 28 ಎಂಎಂ ಲೆನ್ಸನ್ನು ಎಫ್ 8ಕ್ಕೆ ಮುಚ್ಚಿ 3.3 ಮೀಟರಿಗೆ ಫೋಕಸ್ ನಿಲ್ಲಿಸಿಬಿಟ್ಟರೆ ಸುಮಾರು 1.7 ಮೀಟರಿನಿಂದ ದಿಗಂತದವರೆಗೂ ಎಲ್ಲವೂ ಒಪ್ಪುವಷ್ಟು ಸ್ಪಷ್ಟ. ಆಮೇಲೆ ಕ್ಯಾಮೆರಾ ಫೋಕಸಿಗಾಗಿ ತಡಕಾಡುವುದಿಲ್ಲ. ತಲೆಯ ಮೇಲೆತ್ತಿ ಹಿಡಿದಾಗ, ಪರದೆ ಸರಿಯಾಗಿ ಕಾಣದಾಗ, ಇದರಷ್ಟು ಭರವಸೆಯ ವಿಧಾನ ಇನ್ನೊಂದಿಲ್ಲ.

ಕತ್ತಲಾದ ಮೇಲೆ ಅರಮನೆಗೆ ಬನ್ನಿ. ಹೆನ್ರಿ ಇರ್ವಿನ್ ವಿನ್ಯಾಸ ಮಾಡಿ 1912ರಲ್ಲಿ ಪೂರ್ತಿಯಾದ ಈ ಕಟ್ಟಡಕ್ಕೆ ಲಕ್ಷದ ಹತ್ತಿರ ಬಲ್ಬುಗಳಿವೆ. ದಸರೆಯ ಸಂಜೆ ಅವೆಲ್ಲ ಒಮ್ಮೆಲೇ ಹತ್ತಿದಾಗ ಮೈದಾನದ ಜನ ಒಕ್ಕೊರಲಿನಿಂದ ಕೂಗುವುದನ್ನು ಒಮ್ಮೆಯಾದರೂ ಅಲ್ಲೇ ನಿಂತು ಕೇಳಬೇಕು. ಲೆನ್ಸಿನ ಮಟ್ಟಿಗೆ ಇದು ಕಠಿಣ ಪರೀಕ್ಷೆ. ಗಾಜು ಮತ್ತು ಗಾಳಿ ಸೇರುವ ಪ್ರತಿ ಮೇಲ್ಮೈಯೂ ಬರಿ ಗಾಜಾಗಿದ್ದರೆ ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಇಪ್ಪತ್ತು ಮೇಲ್ಮೈಗಳಿರುವ ಒಂದು ಜೂಮ್ ಲೆನ್ಸಿನಲ್ಲಿ ಕೊನೆಗೆ ದಾಟುವುದು ಶೇ 44 ಮಾತ್ರ. ಉಳಿದ ಬೆಳಕಿನಲ್ಲಿ ಒಂದಷ್ಟು ಒಳಗೇ ಪುಟಿದು ಕತ್ತಲ ಆಕಾಶದಲ್ಲಿ ದೀಪಗಳ ತಲೆಕೆಳಗಾದ ಭೂತಬಿಂಬಗಳಾಗಿ ತೇಲುತ್ತದೆ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ಬೆಳಕಿನ ಅಲೆಯುದ್ದದ ಕಾಲು ಭಾಗದಷ್ಟು ತೆಳುವಾದ ಲೇಪ ಹಚ್ಚುವ ವಿಧಾನ ಕಂಡುಹಿಡಿದ. ಲೇಪದ ಮೇಲಿನಿಂದ ಒಂದು, ಕೆಳಗಿನಿಂದ ಇನ್ನೊಂದು, ಹೀಗೆ ಎರಡು ಪ್ರತಿಫಲನಗಳು ಒಂದರ ಏರು ಇನ್ನೊಂದರ ಇಳಿವಿಗೆ ಕೂಡಿ ಪರಸ್ಪರ ಅಳಿಸಿಕೊಳ್ಳುತ್ತವೆ. ಇಂದಿನ ಹಲವು ಪದರಗಳ ಲೇಪವಿದ್ದರೆ ಅದೇ ಲೆನ್ಸಿನಿಂದ ಶೇ 90ಕ್ಕೂ ಹೆಚ್ಚು ಬೆಳಕು ದಾಟುತ್ತದೆ. ಹಳೆಯ ಲೆನ್ಸುಗಳನ್ನು ಪ್ರೀತಿಸುವವರು ಅವನ್ನು ಅರಮನೆಯ ಮುಂದೆ ಮಾತ್ರ ಬಳಸದಿರುವುದು ಕ್ಷೇಮ. ಲೆನ್ಸಿನ ಮುಂದೆ ಕಾಯಂ ಆಗಿ ಕೂತಿರುವ ಅಗ್ಗದ ಯುವಿ ಫಿಲ್ಟರನ್ನೂ ಆ ಹೊತ್ತಿಗೆ ಬಿಚ್ಚಿಡಿ. ಅದು ಎರಡು ಚಪ್ಪಟೆ ಮೇಲ್ಮೈಗಳನ್ನು ಸುಮ್ಮನೆ ಸೇರಿಸುತ್ತದೆ.

ಬಲ್ಬುಗಳು ನಕ್ಷತ್ರಗಳಂತೆ ಕಿರಣ ಚೆಲ್ಲಬೇಕೆಂದು ಕೆಲವರು ಎಫ್ 16ಕ್ಕೆ ಹೋಗುತ್ತಾರೆ. ಆ ಕಿರಣಗಳು ಕಿಂಡಿಯ ಅಲಗುಗಳ ಅಂಚಿನಲ್ಲಿ ಬೆಳಕು ಬಾಗುವುದರಿಂದ ಮೂಡುತ್ತವೆ. ಆದರೆ ಅದೇ ವಿವರ್ತನೆ ಪ್ರತಿ ಬಿಂದುವನ್ನೂ 20 ಮೈಕ್ರಾನಿನಷ್ಟು ಹರಡುತ್ತದೆ, ಪಿಕ್ಸೆಲುಗಳಾದರೋ ನಾಲ್ಕಾರು ಮೈಕ್ರಾನಿನವು. ಗೋಪುರದ ಕೆತ್ತನೆ ಮಸುಕಾಗುತ್ತದೆ. ಎಫ್ 8ರಲ್ಲೋ ಎಫ್ 11ರಲ್ಲೋ ನಿಲ್ಲುವುದು ನನಗೆ ಸರಿ ಕಂಡದ್ದು. ಟ್ರೈಪಾಡ್ ಹಾಕಲು ಆ ಜನಸಂದಣಿಯಲ್ಲಿ ಜಾಗವಿಲ್ಲ, ಹಾಕಿದರೆ ಯಾರಾದರೂ ಎಡವುತ್ತಾರೆ. ಕ್ಯಾಮೆರಾದ ಒಳಗಿನ ಅಲುಗಾಟ ತಡೆ ವ್ಯವಸ್ಥೆ ಇಲ್ಲಿ ನಿಜಕ್ಕೂ ನೆರವಿಗೆ ಬರುತ್ತದೆ, ಕಟ್ಟಡ ಅಲುಗಾಡುವುದಿಲ್ಲವಲ್ಲ. ಜನ ಅಲುಗಾಡುವುದನ್ನು ಅದು ತಡೆಯಲಾರದು ಎಂಬುದು ನೆನಪಿರಲಿ.

ದಸರೆ ವಿಶಾಲವಾದ ಬೀದಿಯ ಹಬ್ಬ. ಬೆಂಗಳೂರಿನ ಕರಗ ಅದರ ತದ್ವಿರುದ್ಧ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ನಡುರಾತ್ರಿ ಕಳೆದ ಮೇಲೆ ಕರಗ ಹೊರಬರುತ್ತದೆ. ಪೇಟೆಯ ಇಕ್ಕಟ್ಟಾದ ಬೀದಿಗಳು, ಕತ್ತಿ ಹಿಡಿದ ವೀರಕುಮಾರರು, ಮಲ್ಲಿಗೆಯ ರಾಶಿಯ ಕೆಳಗೆ ತಲೆಯ ಮೇಲೆ ಕರಗವನ್ನು ನಿಲ್ಲಿಸಿಕೊಂಡು ಸಾಗುವ ಪೂಜಾರಿ. ಎಲ್ಲವೂ ಎರಡು ಮೂರು ಮೀಟರ್ ಅಂತರದಲ್ಲಿ, ಕ್ಷಣಾರ್ಧದಲ್ಲಿ ಹಾದುಹೋಗುತ್ತದೆ. ಹುಣ್ಣಿಮೆಯ ಬೆಳದಿಂಗಳು ಕಣ್ಣಿಗೆ ಎಷ್ಟೇ ತಂಪಾಗಿದ್ದರೂ ಬಿಸಿಲಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಮಂದ. ಕ್ಯಾಮೆರಾಗೆ ಆಸರೆ ಬೀದಿದೀಪವೇ. ಇಲ್ಲಿ ಟೆಲಿ ಲೆನ್ಸಿಗೆ ಕೆಲಸವಿಲ್ಲ. 28 ಅಥವಾ 35, ಎಫ್ 2ಕ್ಕಿಂತ ದೊಡ್ಡ ಕಿಂಡಿ, ಅಷ್ಟೆ.

ಮಲ್ಲಿಗೆಯ ಬಿಳುಪಿಗೆ ಇನ್ನೊಂದು ಎಚ್ಚರ ಬೇಕು. ಕ್ಯಾಮೆರಾದ ಬೆಳಕುಮಾಪಕ ಎದುರಿಗಿರುವುದೆಲ್ಲ ಸರಾಸರಿ ನಡುಬೂದು ಎಂದೇ ನಂಬುತ್ತದೆ. ಚೌಕಟ್ಟಿನ ಬಹುಭಾಗ ಕತ್ತಲಿದ್ದರೆ ಅದನ್ನು ಬೂದು ಮಾಡಲು ಹೋಗಿ ಮಲ್ಲಿಗೆಯನ್ನು ಸುಟ್ಟು ಬಿಳಿ ಮುದ್ದೆ ಮಾಡಿಬಿಡುತ್ತದೆ. ಬೆಳಕನ್ನು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಕಡಿಮೆ ಮಾಡಿದರೆ ಎಸಳು ಎಸಳಾಗಿ ಉಳಿಯುತ್ತದೆ. ಅಂಬಾರಿಯ ಚಿನ್ನಕ್ಕೂ ಇದೇ ಮಾತು: ಹೊಳಪಿನ ಜಾಗ ಒಮ್ಮೆ ಸುಟ್ಟರೆ ಚಿನ್ನದ ಬಣ್ಣ ಹೋಗಿ ತಗಡಾಗುತ್ತದೆ.

ಫ್ಲ್ಯಾಶ್ ಬಳಸಬೇಡಿ. ಇದು ನಯನಾಜೂಕಿನ ವಿಷಯ ಮಾತ್ರವಲ್ಲ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ತುಂಬಿರುತ್ತದೆ. ಹತ್ತಿರದಿಂದ ಹೊಡೆದ ಫ್ಲ್ಯಾಶ್ ಅದರಲ್ಲಿ ಒಂದು ಪಾಲನ್ನು ಒಮ್ಮೆಗೇ ಅಳಿಸುತ್ತದೆ, ಕಣ್ಣೆದುರು ಕಪ್ಪು ಮಚ್ಚೆ ನಿಲ್ಲುತ್ತದೆ. ಕತ್ತಲಿನ ನೋಟ ಪೂರ್ತಿಯಾಗಿ ಕೂಡಲು 20–30 ನಿಮಿಷ ಹಿಡಿಯುವುದುಂಟು. ಕರಗವನ್ನು ತಲೆಯ ಮೇಲೆ ನಿಲ್ಲಿಸಿಕೊಂಡು ನಡೆಯುವವರಿಗೆ, ಕತ್ತಿ ಹಿಡಿದು ಜೊತೆಗೆ ಓಡುವವರಿಗೆ ಹೆಜ್ಜೆ ಕಾಣಬೇಕು. ಲಕ್ಷಾಂತರ ಜನರ ನಡುವೆ ಚಿನ್ನದ ಭಾರ ಹೊತ್ತು ಶಾಂತವಾಗಿ ನಡೆಯುವ ಆನೆಯ ಕಣ್ಣಿಗೂ ಅದೇ ಮರ್ಯಾದೆ ಸಲ್ಲಬೇಕು. ದೊಡ್ಡ ಕಿಂಡಿಯ ಲೆನ್ಸು ಯಾಕೆ ಬೇಕು ಎಂಬುದಕ್ಕೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಕಾರಣ.

ಫೋನಿನಲ್ಲೇ ಆಗುವುದಿಲ್ಲವೇ? ಬಿಸಿಲಿನಲ್ಲಿ ಧಾರಾಳವಾಗಿ ಆಗುತ್ತದೆ; ಅದರ ಮುಖ್ಯ ಲೆನ್ಸು ಫುಲ್ ಫ್ರೇಮಿನ 24–26 ಎಂಎಂಗೆ ಸಮ, ಎತ್ತಿ ಹಿಡಿಯಲು ಹಗುರ. ಆದರೆ ದೊಡ್ಡ ಸೆನ್ಸರಿನ ಫೋನಿನಲ್ಲೂ ಆ ಸೆನ್ಸರಿನ ವಿಸ್ತೀರ್ಣ ಫುಲ್ ಫ್ರೇಮಿನ ಹನ್ನೆರಡನೇ ಒಂದು ಭಾಗದ ಆಸುಪಾಸು. ಎಫ್ 1.8 ಎಂದು ಬರೆದಿದ್ದರೂ ಒಟ್ಟು ಸಿಗುವ ಫೋಟಾನುಗಳು ಅಷ್ಟೇ ಕಡಿಮೆ. ಹಲವು ಚಿತ್ರಗಳನ್ನು ಪೇರಿಸಿ ಒಂದು ಮಾಡುವ ತಂತ್ರದಿಂದ ಫೋನು ಇದನ್ನು ತುಂಬಿಕೊಳ್ಳುತ್ತದೆ, ಅರಮನೆಯಂಥ ನಿಶ್ಚಲ ವಸ್ತುವಿನಲ್ಲಿ ಅದ್ಭುತವಾಗಿ ಗೆಲ್ಲುತ್ತದೆ, ಓಡುವ ವೀರಕುಮಾರರ ಮುಂದೆ ಸೋಲುತ್ತದೆ.

ಹಾಗಾದರೆ ಚೀಲಕ್ಕೆ ಏನು ಹಾಕಬೇಕು? ಬೀದಿಯಲ್ಲಿ ನಿಲ್ಲುವವರಾದರೆ ಕ್ಯಾಮೆರಾಗೆ 35 ಎಂಎಂ ಎಫ್ 1.8, ಜೇಬಿಗೆ ಅಥವಾ ಸೊಂಟದ ಚೀಲಕ್ಕೆ 85 ಎಂಎಂ ಎಫ್ 1.8. ಎರಡೂ ಸೇರಿ ಒಂದು ಟೆಲಿ ಜೂಮಿಗಿಂತ ಹಗುರ. 24ರಿಂದ 70ರವರೆಗಿನ ಎಫ್ 2.8 ಜೂಮ್ ಎಲ್ಲವನ್ನೂ ಮಾಡುತ್ತದೆ ಎನ್ನುವವರ ಮಾತನ್ನು ಹಗಲಿನ ಮಟ್ಟಿಗೆ ಒಪ್ಪುತ್ತೇನೆ; ಕತ್ತಲಾದ ಮೇಲೆ ಎಫ್ 1.8ಕ್ಕೂ ಎಫ್ 2.8ಕ್ಕೂ ಇರುವ ಎರಡೂವರೆ ಪಟ್ಟಿನ ಅಂತರ ದೊಡ್ಡದು. ಲೆನ್ಸು ಬದಲಿಸುವ ಕೆಲಸ ಮೆರವಣಿಗೆ ಬರುವ ಮೊದಲೇ ಮುಗಿಯಲಿ. ಹಾರುವ ಕುಂಕುಮ, ಧೂಳು, ಪಕ್ಕದವರ ಮೊಣಕೈ ಇವುಗಳ ನಡುವೆ ಸೆನ್ಸರನ್ನು ತೆರೆದಿಡುವುದು ಬೇಡ. ಚೀಲವನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳಿ. ಹಿಂದೆ ನಿಂತವರಿಗೂ ಅನುಕೂಲ. ಪಾಸ್ ಇರುವವರು, ಪಂಜಿನ ಕವಾಯತಿಗೆ ಟಿಕೆಟ್ ಪಡೆದವರು 70–200 ತರಲಿ.

ಎಷ್ಟೇ ಲೆಕ್ಕ ಹಾಕಿದರೂ ಜಾಗಕ್ಕೆ ಹೋಗಿ ನೋಡುವುದಕ್ಕೆ ಸಮವಿಲ್ಲ. ಮೈಸೂರಿನಲ್ಲಿ ಅದಕ್ಕೊಂದು ಒಳ್ಳೆಯ ಅವಕಾಶವಿದೆ. ದಸರೆಗೆ ಮುಂಚೆ ವಾರಗಟ್ಟಲೆ ಗಜಪಡೆ ಅರಮನೆಯಿಂದ ಬನ್ನಿಮಂಟಪದವರೆಗೆ ಅದೇ ಮೆರವಣಿಗೆಯ ದಾರಿಯಲ್ಲಿ ತಾಲೀಮು ನಡೆಸುತ್ತದೆ. ಮೊದಲು ಬರಿ ಮೈಯಲ್ಲಿ, ಆಮೇಲೆ ಮರಳಿನ ಮೂಟೆ ಹೊತ್ತು, ಕೊನೆಗೆ ಮರದ ಅಂಬಾರಿ ಹೊತ್ತು. ಕೆಲವು ದಿನ ಮುಂಚೆ ಮೈಸೂರು ತಲುಪುವಂತೆ ರಜೆ ಹೊಂದಿಸಿಕೊಂಡರೆ ಮರದ ಅಂಬಾರಿಯ ತಾಲೀಮು ಸಿಗಬಹುದು. ದಾರಿ ಅದೇ, ಆನೆಗಳು ಅವೇ, ಜನ ಮಾತ್ರ ವಿರಳ. ವಿಜಯದಶಮಿಯಂದು ಎಲ್ಲಿ ನಿಲ್ಲಬೇಕೆಂದಿದ್ದೀರೋ ಅಲ್ಲೇ ನಿಂತು 35ರಲ್ಲೊಂದು, 85ರಲ್ಲೊಂದು ಚಿತ್ರ ತೆಗೆಯಿರಿ. ಆನೆಯ ದೂರವನ್ನು ಹೆಜ್ಜೆಯಲ್ಲಿ ಅಳೆಯಿರಿ, ಯಾವ ಮರದ ಕೊಂಬೆ, ಯಾವ ದೀಪದ ಕಂಬ ಅಡ್ಡ ಬರುತ್ತದೆ ನೋಡಿಕೊಳ್ಳಿ, ಸಂಜೆ ಆರಕ್ಕೆ ಆ ಜಾಗದಲ್ಲಿ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ಬರೆದಿಟ್ಟುಕೊಳ್ಳಿ. ಬೇಡವೆನಿಸಿದ ಲೆನ್ಸನ್ನು ಆಮೇಲೆ ಕೋಣೆಯಲ್ಲೇ ಬಿಟ್ಟು ಬರಬಹುದು.